ಉಗ್ರಾಣಕ್ಕೆ ಎಂಥಾ ಆಳು ಬೇಕು?

ಮೊನ್ನೆ ಭಾನುವಾರ ಬೆಳಗ್ಗೆ ಕಾಫಿ ಲೋಟ ಇನ್ನೂ ಕೈಯಲ್ಲಿರುವಾಗಲೇ ಡಾಲಸ್‌ನಿಂದ ಫೋನು. ಗೆಳೆಯನ ಮಗಳು. ಹುಟ್ಟಿ ಬೆಳೆದಿದ್ದೆಲ್ಲ ಇಲ್ಲೇ, ಕನ್ನಡ ಮಾತಾಡೋದು ಅವಳ ಅಜ್ಜಿ ಜೊತೆ ಮತ್ತು ನನ್ನ ಜೊತೆ ಮಾತ್ರ, ಅದೂ ಏನಾದರೂ ಕೆಲಸ ಆಗಬೇಕಾದಾಗ!

"ಅಂಕಲ್, ಒಂದು ಸಣ್ಣ ಕ್ವೆಶ್ಚನ್. ಸ್ಟೋರೇಜ್ ಸರ್ವರ್‌ಗೆ ಯಾವ ಸಿಪಿಯು ತಗೋಬೇಕು? ನಾಳೆ ಮಧ್ಯಾಹ್ನದೊಳಗೆ ನಾನು ಹೇಳಬೇಕು."

ಅವಳು ಕೆಲಸ ಮಾಡೋದು ಚಿಕ್ಕದೊಂದು ಕಂಪನಿಯಲ್ಲಿ. ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಲ್ಲಿ ಡಿಸ್ಕು ತುಂಬಿದ ಪೆಟ್ಟಿಗೆಗಳನ್ನಿಟ್ಟು, ಅವೆಲ್ಲವನ್ನೂ ಒಂದೇ ದೊಡ್ಡ ಕಪಾಟಿನ ಹಾಗೆ ಬಳಸೋ ಆಲೋಚನೆ. ಡಿಸ್ಟ್ರಿಬ್ಯೂಟೆಡ್ ಸ್ಟೋರೇಜ್ ಅನ್ನೋದು ಇದಕ್ಕೇ. ಒಂದು ಫೈಲು ಬಂದರೆ ಅದನ್ನ ತುಂಡು ಮಾಡಿ, ಪ್ರತಿ ತುಂಡಿಗೂ ಮೂರು ಪ್ರತಿ ತೆಗೆದು, ಊರಿಗೊಂದರಂತೆ ಇಡೋದು. ಒಂದು ಡಿಸ್ಕು ಸತ್ತರೂ, ಒಂದು ಪೆಟ್ಟಿಗೆ ಸುಟ್ಟರೂ, ಕೊನೆಗೆ ಒಂದು ಊರಿಗೆ ಊರೇ ಮುಳುಗಿದರೂ ಉಳಿದೆರಡು ಊರಿಂದ ಕೆಲಸ ನಡೆಯತ್ತೆ. ಬೆಲೆ, ಕೋರ್‌ಗಳ ಸಂಖ್ಯೆ, ಎಷ್ಟು ವ್ಯಾಟ್ ಕರೆಂಟು ಅಂತ ಒಂದು ಎಕ್ಸೆಲ್ ಹಾಳೆ ಮಾಡಿಕೊಂಡಿದ್ದಳು. ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಕಡಿಮೆ ಕರೆಂಟು ತಿನ್ನೋ ಸಾಲಿಗೆ ಹಸಿರು ಬಣ್ಣ ಬಳಿದಾಗಿತ್ತು. ನನ್ನಿಂದ ಬೇಕಿದ್ದದ್ದು 'ಹೂಂ' ಅನ್ನೋದೊಂದೇ.

"ಡಿಸ್ಕ್ ತಾನೇ ಅಂಕಲ್ ಎಲ್ಲಾ ಕೆಲಸ ಮಾಡೋದು? ಸಿಪಿಯು ಸುಮ್ನೆ ಕೂತಿರತ್ತಲ್ವಾ?"

ಲೋಟ ಕೆಳಗಿಟ್ಟೆ. ಇದೇ ಮಾತನ್ನ, ಹೆಚ್ಚು ಕಮ್ಮಿ ಇದೇ ಧಾಟಿಯಲ್ಲಿ, 2014ರಲ್ಲಿ ನಮ್ಮ ಆಫೀಸಿನ ಮೀಟಿಂಗ್ ರೂಮಿನಲ್ಲಿ ನಿಂತು ಹೇಳಿದವನು ನಾನೇ. ಅದರ ಬೆಲೆ ತೆತ್ತಿದ್ದು ಏಳು ವರ್ಷ ಆದಮೇಲೆ.

*

ನಮ್ಮ ಕಡೆ ಹಳೇ ಕಾಲದ ಮದುವೆ ಮನೆಗಳನ್ನ ನೋಡಿದವರಿಗೆ ಉಗ್ರಾಣ ಗೊತ್ತಿರತ್ತೆ. ಅಡುಗೆಮನೆ ಪಕ್ಕದ ಕೋಣೆ, ಅಕ್ಕಿ, ಬೆಲ್ಲ, ತೆಂಗಿನಕಾಯಿ, ತುಪ್ಪದ ಡಬ್ಬ, ಬಾಳೆಲೆ ಕಟ್ಟು ಎಲ್ಲಾ ಅಲ್ಲಿ. ಬಾಗಿಲಲ್ಲಿ ಒಬ್ಬರು ಕೂತಿರೋರು. ನಮ್ಮ ಮನೆತನದಲ್ಲಿ ಆ ಜಾಗ ದೊಡ್ಡಪ್ಪನದು. ದಿನದ ಮುಕ್ಕಾಲು ಪಾಲು ಹೊತ್ತು ಅವರು ಎಲೆಗೆ ಸುಣ್ಣ ಹಚ್ಚೋದು ಬಿಟ್ಟು ಬೇರೇನೂ ಮಾಡಿದ್ದನ್ನ ನಾವು ಹುಡುಗರು ನೋಡಲಿಲ್ಲ. ಇಲ್ಲಿ ಕೂರೋಕೆ ಯಾರಾದರೂ ಸಾಕಲ್ಲ ಅನ್ನಿಸ್ತಿತ್ತು. ಮೂರನೇ ಪಂಕ್ತಿಗೆ ಹೇಳದೇ ಕೇಳದೇ ಇನ್ನೂರು ಜನ ಹೆಚ್ಚಿಗೆ ಬಂದು, ಅದೇ ಹೊತ್ತಿಗೆ ತುಪ್ಪದ ಡಬ್ಬ ಸೋರಿ, ಅಡುಗೆಯವರು ನಾಲ್ಕು ಕಡೆಯಿಂದ ಕೂಗೋಕೆ ಶುರು ಮಾಡಿದಾಗ ಗೊತ್ತಾಗ್ತಿತ್ತು ಅವರನ್ನೇ ಯಾಕೆ ಅಲ್ಲಿ ಕೂರಿಸಿದ್ದು ಅಂತ.

ಸ್ಟೋರೇಜ್ ಸರ್ವರಿನ ಪ್ರೊಸೆಸರ್‌ದೂ ಅದೇ ಉದ್ಯೋಗ. ಸೆಫ್ ಅನ್ನೋ ತಂತ್ರಾಂಶವನ್ನೇ ತಗೊಳ್ಳಿ. ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ವಿಶ್ವವಿದ್ಯಾಲಯದಲ್ಲಿ ಸೇಜ್ ವೈಲ್ ಅನ್ನೋರು ಪಿಎಚ್‌ಡಿ ಮಾಡುವಾಗ ಹುಟ್ಟಿದ್ದು, 2014ರಲ್ಲಿ ಅವರ ಕಂಪನಿಯನ್ನ ರೆಡ್ ಹ್ಯಾಟ್ ಕೊಂಡುಕೊಂಡಿತು. ಅದರಲ್ಲಿ ಪ್ರತಿ ಡಿಸ್ಕಿಗೂ ಒಬ್ಬ ಕಾವಲುಗಾರ, ಅಂದರೆ ಸದಾ ಓಡ್ತಾ ಇರೋ ಒಂದು ಪ್ರೋಗ್ರಾಂ. ಬಂದ ತುಂಡು ಯಾವ ಊರಿನ ಯಾವ ಡಿಸ್ಕಿಗೆ ಅಂತ ಲೆಕ್ಕ ಹಾಕೋದು, ಅದು ಕೆಟ್ಟಿಲ್ಲ ಅನ್ನೋದಕ್ಕೆ ಚೆಕ್‌ಸಮ್ ನೋಡೋದು, ಉಳಿದಿಬ್ಬರಿಗೆ ಪ್ರತಿ ಕಳಿಸಿ ಅವರು 'ಬಂತು' ಅನ್ನೋವರೆಗೆ ಕಾಯೋದು, ನಡುನಡುವೆ ಅಕ್ಕಪಕ್ಕದವರು ಬದುಕಿದ್ದಾರೋ ಇಲ್ಲವೋ ಅಂತ ವಿಚಾರಿಸೋದು. ಮಾಮೂಲಿ ದಿನ ಇದೆಲ್ಲ ಪ್ರೊಸೆಸರ್‌ಗೆ ಎಲೆಗೆ ಸುಣ್ಣ ಹಚ್ಚಿದ ಹಾಗೆ. ಶೇಕಡಾ ಹತ್ತೋ ಹದಿನೈದೋ ಓಡ್ತಾ ಇರತ್ತೆ. ಗ್ರಾಫ್ ನೋಡಿದ ಯಾರಿಗಾದರೂ 'ಇದಕ್ಕಿಂತ ಸಣ್ಣದು ಸಾಕಿತ್ತಲ್ಲ' ಅನ್ನಿಸತ್ತೆ.

ನನಗೆ ಅನ್ನಿಸಿತ್ತು. ಆ ಕಾಲದಲ್ಲಿ ಟೆಕ್ಸಾಸ್‌ಗೆ ಟೆಕ್ಸಾಸೇ ಹಾಗೆ ಯೋಚನೆ ಮಾಡ್ತಿತ್ತು ಅಂದರೂ ತಪ್ಪಿಲ್ಲ.

*

ನಾನಿರೋ ಆಸ್ಟಿನ್‌ನಲ್ಲಿ 2008ರಲ್ಲಿ ಸ್ಮೂತ್-ಸ್ಟೋನ್ ಅಂತ ಒಂದು ಕಂಪನಿ ಶುರುವಾಯಿತು. ಬೈಬಲ್ಲಿನಲ್ಲಿ ಪುಟ್ಟ ದಾವೀದ ದೈತ್ಯ ಗೋಲಿಯಾತನನ್ನ ಹೊಡೆದುರುಳಿಸೋಕೆ ಹಳ್ಳದಿಂದ ನುಣ್ಣನೆ ಕಲ್ಲು ಆರಿಸಿಕೊಳ್ತಾನಲ್ಲ, ಆ ಕಲ್ಲು. ಗೋಲಿಯಾತ ಯಾರು ಅಂತ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ! 2010ರಲ್ಲಿ ಹೆಸರು ಬದಲಾಯಿಸಿ ಕಾಲ್ಕ್ಸೆಡಾ ಆದರು. ಮೊಬೈಲ್ ಫೋನಿನ ಜಾತಿಯ ಆರ್ಮ್ ಪ್ರೊಸೆಸರ್ ಹಾಕಿ ಸರ್ವರ್ ಮಾಡೋದು ಅವರ ಕನಸು. ಒಂದು ಚಿಪ್ಪು, ನಾಲ್ಕು ಕೋರು, ಮೆಮೊರಿ ಸೇರಿ ಐದು ವ್ಯಾಟ್ ಆಸುಪಾಸು. ನಮ್ಮೂರ ದೇವರ ಮನೆಯ ಝೀರೋ ಕ್ಯಾಂಡಲ್ ಬಲ್ಬಿನ ಲೆಕ್ಕ. ಡಿಸ್ಕು ಜೋಡಿಸೋಕೆ ಚಿಪ್ಪಿನಲ್ಲೇ ಐದು ಸಾಟಾ ಬಾಗಿಲು, ಒಂದಕ್ಕೊಂದು ಮಾತಾಡೋಕೆ ನೆಟ್‌ವರ್ಕ್ ಸ್ವಿಚ್ಚೂ ಒಳಗೇ. ಉಗ್ರಾಣಕ್ಕೆ ಹೇಳಿ ಮಾಡಿಸಿದ ಹಾಗಿತ್ತು.

ಹ್ಯೂಸ್ಟನ್‌ನಲ್ಲಿ ಎಚ್‌ಪಿ ಸರ್ವರಿನ ಮನೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಿಟ್ಟುಬಂದ ಮೂವರು 1982ರಲ್ಲಿ ಕಟ್ಟಿದ ಕಾಂಪ್ಯಾಕ್, 2002ರಲ್ಲಿ ಎಚ್‌ಪಿ ಪಾಲಾಗಿತ್ತು. ಆ ಎಚ್‌ಪಿ 2011ರ ನವೆಂಬರಿನಲ್ಲಿ 'ಮೂನ್‌ಶಾಟ್' ಅನ್ನೋ ಯೋಜನೆ ಹೇಳಿ, ಮೊದಲ ಮಾದರಿಗೆ ಕಾಲ್ಕ್ಸೆಡಾ ಚಿಪ್ಪನ್ನೇ ಆರಿಸಿಕೊಂಡಿತು. ಏಳು ಇಂಚು ಎತ್ತರದ ಒಂದೇ ಪೆಟ್ಟಿಗೆಯಲ್ಲಿ 288 ಸರ್ವರ್! ಕೇಳಿದವರೆಲ್ಲ ಬಾಯಿ ಮೇಲೆ ಬೆರಳಿಟ್ಟುಕೊಂಡರು. ಡಾಲಸ್ಸೂ ಹಿಂದೆ ಬೀಳಲಿಲ್ಲ. 1958ರಲ್ಲಿ ಜ್ಯಾಕ್ ಕಿಲ್ಬಿ ಮೊದಲ ಇಂಟಿಗ್ರೇಟೆಡ್ ಸರ್ಕ್ಯೂಟ್ ಮಾಡಿ ತೋರಿಸಿದ, 1985ರಲ್ಲಿ ನಮ್ಮ ಬೆಂಗಳೂರಿಗೂ ಬಂದು ಅಂಗಡಿ ತೆರೆದ ಅದೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಆರ್ಮ್ ಚಿಪ್ಪು 2014ರಲ್ಲಿ ಮೂನ್‌ಶಾಟಿನ ಇನ್ನೊಂದು ಕಾರ್ಟ್ರಿಜ್‌ನಲ್ಲಿ ಕೂತಿತು. ನಕ್ಷೆಯ ಮೇಲೆ ತ್ರಿಕೋನದ ಹಾಗಿರೋ ನಮ್ಮ ಮೂರು ಊರುಗಳೂ ಸೇರಿ ಒಂದೇ ಮಾತು ಹೇಳ್ತಿದ್ದವು: ದೊಡ್ಡ ಪ್ರೊಸೆಸರ್ ದಂಡ, ಸಣ್ಣವು ಸಾವಿರ ಇಡಿ.

ಆದರೆ ಕಾಲ್ಕ್ಸೆಡಾದ ಆ ಮೊದಲ ಚಿಪ್ಪು 32 ಬಿಟ್ಟಿನದು. 4 ಜಿಬಿಗಿಂತ ಹೆಚ್ಚು ಮೆಮೊರಿ ಹಾಕಿದರೂ ಅದಕ್ಕೆ ಕಾಣಿಸಲ್ಲ. 2013ರ ಏಪ್ರಿಲ್‌ನಲ್ಲಿ ಮೂನ್‌ಶಾಟ್ ನಿಜವಾಗಿ ಮಾರುಕಟ್ಟೆಗೆ ಬಂದಾಗ ಒಳಗಿದ್ದದ್ದು ಇಂಟೆಲ್‌ನ 64 ಬಿಟ್ ಆಟಮ್. ಅದೇ ಡಿಸೆಂಬರ್‌ನಲ್ಲಿ ಕಾಲ್ಕ್ಸೆಡಾ ದುಡ್ಡು ಮುಗಿದು ಬಾಗಿಲು ಹಾಕಿತು. ಹತ್ತು ಕೋಟಿ ಡಾಲರಿಗೂ ಹೆಚ್ಚು ಬಂಡವಾಳ ತಂದಿದ್ದ ಕಂಪನಿ.

ಅವರ ಆಲೋಚನೆ ತಪ್ಪಾಗಿತ್ತು ಅಂತ ನಾನು ಹೇಳಲಾರೆ. ಆರ್ಮ್ ಕಂಪನಿಯ ಆಸ್ಟಿನ್ ತಂಡ ಮಾಡಿದ ಕಾರ್ಟೆಕ್ಸ್ ಎ72 ಕೋರು 2018ರಲ್ಲಿ ಅಮೆಜಾನ್‌ನ ಮೊದಲ ಗ್ರಾವಿಟಾನ್ ಸರ್ವರ್ ಚಿಪ್ಪಿಗೆ ಹೋಯಿತು. ಆಮೇಲಿನ ಕಥೆ ನಿಮಗೆಲ್ಲ ಗೊತ್ತೇ ಇದೆ. ಕಾಲ್ಕ್ಸೆಡಾದವರು ಐದಾರು ವರ್ಷ ಮೊದಲೇ ಬಂದುಬಿಟ್ಟರು, ಅದೂ 4 ಜಿಬಿಯ ಗೋಡೆ ಕಟ್ಟಿಕೊಂಡು. ನನ್ನ ತಪ್ಪು ಬೇರೆ. ಆ ಗೋಡೆ ಯಾಕೆ ಮುಖ್ಯ ಅಂತ ಯೋಚಿಸದೆ, 'ಸಣ್ಣದು ಚೆಂದ' ಅನ್ನೋ ಅರ್ಧ ಮಾತನ್ನ ಮಾತ್ರ ಕಿವಿಗೆ ಹಾಕಿಕೊಂಡೆ.

*

ಆಗ ನಾನಿದ್ದ ಕಂಪನಿ ಸಣ್ಣ ಕ್ಲಿನಿಕ್ಕುಗಳ ಎಕ್ಸ್‌ರೇ, ಸ್ಕ್ಯಾನ್ ಚಿತ್ರಗಳನ್ನ ಕಾಪಾಡಿ ಇಡ್ತಿತ್ತು. ಮೂರು ಊರಿನಲ್ಲೂ ನಮ್ಮದೇ ಆಫೀಸು, ಆಫೀಸಿನಲ್ಲೇ ಒಂದು ಸರ್ವರ್ ಕೋಣೆ. ಊರಿಗೆ ನಾಲ್ಕು ಪೆಟ್ಟಿಗೆ, ಪೆಟ್ಟಿಗೆಗೆ 12 ಡಿಸ್ಕು, ಡಿಸ್ಕಿಗೆ 4 ಟಿಬಿ. ಆ ಕಾಲದ ಹಿರಿಯರು ಹೇಳ್ತಿದ್ದ ಲೆಕ್ಕ: ಡಿಸ್ಕಿಗೊಂದು ಕೋರು, ಟಿಬಿಗೊಂದು ಜಿಬಿ ಮೆಮೊರಿ. ಅಂದರೆ ಪೆಟ್ಟಿಗೆಗೆ 48 ಜಿಬಿ. ನಾನು ಒಂದು ವಾರ ಪರೀಕ್ಷೆ ಮಾಡಿ, "ಇಡೀ ದಿನ ನೋಡಿದರೂ 12 ಜಿಬಿ ದಾಟಲ್ಲ, ಸಿಪಿಯು ಮಲಗಿರತ್ತೆ" ಅಂತ ಗ್ರಾಫ್ ತೋರಿಸಿ, ಸಣ್ಣ ಪ್ರೊಸೆಸರ್, 16 ಜಿಬಿ ಮೆಮೊರಿ ಸಾಕು ಅಂತ ವಾದ ಮಾಡಿದೆ. ಉಳಿದ ದುಡ್ಡು ಕಮ್ಮಿಯೇನಿರಲಿಲ್ಲ. ಶಹಭಾಸ್‌ಗಿರಿಯೂ ಸಿಕ್ಕಿತು ಅನ್ನಿ.

2017ರ ಆಗಸ್ಟ್ ಕೊನೆಗೆ ಹಾರ್ವಿ ಚಂಡಮಾರುತ ಬಂತು. ಹ್ಯೂಸ್ಟನ್ ನೀರಲ್ಲಿ ಕೂತಿತು. ನಮ್ಮ ಕೋಣೆಗೆ ನೀರು ಬರಲಿಲ್ಲ, ಕರೆಂಟು ಹೋಯಿತು. ಡಾಲಸ್ ಮತ್ತು ಆಸ್ಟಿನ್ ಎರಡೇ ಸೇರಿ ಒಂದು ಚಿತ್ರವೂ ತಪ್ಪದ ಹಾಗೆ ನಡೆಸಿದವು. ನಾವೆಲ್ಲ ಬೆನ್ನು ತಟ್ಟಿಕೊಂಡೆವು. ಯಾರೂ ಗಮನಿಸದ ವಿಷಯ ಅಂದರೆ, ಹ್ಯೂಸ್ಟನ್ ವಾಪಸ್ ಬಂದಮೇಲೆ ಅದು ಕಳಕೊಂಡ ಐದು ದಿನದ ಪಾಠ ಕಲಿತು ಸರಿಹೋಗೋಕೆ ಒಂಬತ್ತು ದಿನ ಬೇಕಾಯಿತು. ಐದು ದಿನದ್ದಕ್ಕೆ ಒಂಬತ್ತು ದಿನ! ನಾನು "ಊರುಗಳ ನಡುವಿನ ಲೈನು ನಿಧಾನ" ಅಂದೆ. ಲೈನಿನ ಗ್ರಾಫ್ ನೋಡಿದ್ದರೆ ಅದು ಅರ್ಧವೂ ತುಂಬಿರಲಿಲ್ಲ ಅಂತ ಗೊತ್ತಾಗ್ತಿತ್ತು. ನೋಡಲಿಲ್ಲ. ಅದಾದ ವರ್ಷ ಜಾಗ ಸಾಲದೆ 4 ಟಿಬಿ ಡಿಸ್ಕು ತೆಗೆದು 10 ಟಿಬಿ ಹಾಕಿದೆವು. ಮೆಮೊರಿ ಅಷ್ಟೇ ಉಳಿಯಿತು.

ಆಮೇಲೆ 2021ರ ಫೆಬ್ರವರಿ.

ಟೆಕ್ಸಾಸ್‌ನಲ್ಲಿ ಆ ವಾರ ಇದ್ದವರಿಗೆ ಹೇಳಬೇಕಾಗಿಲ್ಲ. ಡಾಲಸ್ ವಿಮಾನ ನಿಲ್ದಾಣದಲ್ಲಿ ಸೊನ್ನೆಗಿಂತ ಎರಡು ಡಿಗ್ರಿ ಕೆಳಗೆ, ಅದೂ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಮೈನಸ್ 19. ಫೆಬ್ರವರಿ 15ರ ನಸುಕಿನಲ್ಲಿ ರಾಜ್ಯದ ವಿದ್ಯುತ್ ಜಾಲ ನೋಡಿಕೊಳ್ಳೋ ಎರ್ಕಾಟ್, ಊರೂರಿಗೆ ಕರೆಂಟು ಕಡಿಯಲು ಹೇಳಿತು. ಸೆಕೆಂಡಿಗೆ 60 ಸಲ ಬಡಿಯಬೇಕಾದ ಜಾಲದ ನಾಡಿ 59.4ಕ್ಕಿಂತ ಕೆಳಗಿಳಿದಿತ್ತು. ಅಲ್ಲೇ ಒಂಬತ್ತು ನಿಮಿಷ ಇದ್ದಿದ್ದರೆ ಜಾಲಕ್ಕೆ ಜಾಲವೇ ಬಿದ್ದು, ಎಬ್ಬಿಸೋಕೆ ವಾರಗಟ್ಟಲೆ ಬೇಕಿತ್ತು. ಉಳಿದಿದ್ದದ್ದು 4 ನಿಮಿಷ 37 ಸೆಕೆಂಡು. 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳು ಕತ್ತಲಾದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ನಮ್ಮನೆಯಲ್ಲಿ ಹಾಸಿಗೆ, ರಜಾಯಿ, ಊರಿಂದ ತಂದ ಕಂಬಳಿ ಎಲ್ಲಾ ಒಂದೇ ಕೋಣೆಗೆ ಎಳಕೊಂಡು ಎರಡು ರಾತ್ರಿ ಕಳೆದೆವು.

ಊರು ಮೂರಾದರೂ ಜಾಲ ಒಂದೇ. ಮಳೆಗೆ, ನೆರೆಗೆ, ಬೆಂಕಿಗೆ ಅಂತ ಯೋಚನೆ ಮಾಡಿ ಇನ್ನೂರು ಮೈಲಿ ದೂರ ಇಟ್ಟಿದ್ದ ಪ್ರತಿಗಳು ಒಂದೇ ಸ್ವಿಚ್ಚಿಗೆ ಸಿಕ್ಕಿಕೊಂಡಿದ್ದವು. ಆಸ್ಟಿನ್ ಕೋಣೆ ಇಪ್ಪತ್ತು ನಿಮಿಷದ ಯುಪಿಎಸ್ ಮುಗಿದ ಕೂಡಲೇ ಆರಿತು. ಹ್ಯೂಸ್ಟನ್ನಿನ ಜನರೇಟರಿಗೆ ಡೀಸೆಲ್ ತರೋ ಲಾರಿ ರಸ್ತೆ ಮೇಲಿನ ಮಂಜುಗಡ್ಡೆ ದಾಟಲಿಲ್ಲ. ಡಾಲಸ್ ಮಾತ್ರ ಒಂದು ಗಂಟೆ ಬರೋದು, ಎರಡು ಗಂಟೆ ಹೋಗೋದು ಮಾಡ್ತಿತ್ತು. ಒಟ್ಟಿಗೆ ಹೋಗೋದಕ್ಕಿಂತ ಅದು ಕೆಟ್ಟದ್ದು.

ಗುರುವಾರ ಎಲ್ಲಾ ಕಡೆ ಕರೆಂಟು ಬಂತು. ನಾನು ಮನೆಯಿಂದಲೇ ಹನ್ನೆರಡೂ ಪೆಟ್ಟಿಗೆ ಆನ್ ಮಾಡಿ, ಒಂದು ಗಂಟೆಯಲ್ಲಿ ಸರಿಹೋಗತ್ತೆ ಅಂತ ಮೇಲಿನವರಿಗೆ ಬರೆದೆ.

ಆಗಿದ್ದು ಇಷ್ಟು. ಎಚ್ಚರವಾದ 144 ಕಾವಲುಗಾರರೂ ಒಟ್ಟಿಗೇ "ನಾನು ಮಲಗಿದ್ದಾಗ ಏನೇನಾಯ್ತು?" ಅಂತ ಒಬ್ಬರನ್ನೊಬ್ಬರು ಕೇಳೋಕೆ ಶುರು ಮಾಡಿದರು. ಡಾಲಸ್ ಬಂದು ಹೋಗಿ ಮಾಡಿದ ಪ್ರತಿ ಸಲವೂ ಯಾರು ಇದ್ದಾರೆ, ಯಾರು ಇಲ್ಲ ಅನ್ನೋ ನಕ್ಷೆಯ ಹೊಸ ಆವೃತ್ತಿ ಆಗಿತ್ತು. ಅಂಥ ಸಾವಿರಾರು ನಕ್ಷೆಗಳನ್ನ ಪ್ರತಿಯೊಬ್ಬನೂ ಮೊದಲಿಂದ ಓದಬೇಕು. ದಿನಾ ಒಂದು ಜಿಬಿಯಲ್ಲಿ ಬದುಕ್ತಿದ್ದವನಿಗೆ ಆ ಹೊತ್ತಿಗೆ ಮೂರು ನಾಲ್ಕು ಜಿಬಿ ಬೇಕು. ಹನ್ನೆರಡು ಜನ, 16 ಜಿಬಿ. ಮೆಮೊರಿ ಮುಗಿದಾಗ ಲಿನಕ್ಸ್ ಕೈಗೆ ಸಿಕ್ಕ ದೊಡ್ಡವನನ್ನ ಕೊಂದು ಜಾಗ ಮಾಡತ್ತೆ. ಒಬ್ಬ ಸತ್ತ. ಅವನು ಸತ್ತಿದ್ದಕ್ಕೆ ಇನ್ನೊಂದು ಹೊಸ ನಕ್ಷೆ. ಅವನ ಕೆಲಸ ಪಕ್ಕದವನ ತಲೆ ಮೇಲೆ. ಪಕ್ಕದವನು ಊದಿದ, ಅವನೂ ಸತ್ತ. ಅಷ್ಟರಲ್ಲಿ ಮೊದಲನೆಯವನು ಮತ್ತೆ ಎದ್ದು ಮೊದಲಿಂದ ಓದೋಕೆ ಕೂತ. ಇತ್ತ ಪ್ರೊಸೆಸರ್ ನೂರಕ್ಕೆ ನೂರು ಓಡ್ತಾ, "ಬದುಕಿದ್ದೀಯಾ?" ಅಂತ ಕೇಳಿದವರಿಗೆ ಉತ್ತರಿಸೋಕೂ ಪುರಸೊತ್ತಿಲ್ಲದೆ, ಬದುಕಿದ್ದವರನ್ನೂ ಉಳಿದವರು ಸತ್ತರು ಅಂತ ಬರೆದುಕೊಂಡರು.

ಚಿತ್ರಗಳು ಒಂದೂ ಕಳೆದಿರಲಿಲ್ಲ. ಒಂದೂ ತೆಗೆಯೋಕೂ ಆಗ್ತಿರಲಿಲ್ಲ.

ಶುಕ್ರವಾರ ಒಂದು ಕ್ಲಿನಿಕ್ಕಿನ ವೈದ್ಯೆ ನೇರ ನನಗೇ ಫೋನ್ ಮಾಡಿದರು. ಬೈಯಲಿಲ್ಲ. ಒಬ್ಬ ರೋಗಿಯ ಶ್ವಾಸಕೋಶದಲ್ಲಿ ಒಂದು ಮಚ್ಚೆ ಕಾಣ್ತಿದೆ, ಎರಡು ವರ್ಷದ ಹಿಂದಿನ ಸ್ಕ್ಯಾನ್ ಸಿಕ್ಕಿದರೆ ಅದು ಬೆಳೀತಿದೆಯೋ ಹಳೇ ಗಾಯವೋ ಹೇಳಬಹುದು, ಇಲ್ಲದಿದ್ದರೆ ಸೂಜಿ ಹಾಕಿ ನೋಡಬೇಕಾಗತ್ತೆ, ಯಾವಾಗ ಸಿಗಬಹುದು ಅಂತ ಕೇಳಿದರು. "ಇವತ್ತು ಸಂಜೆ" ಅಂದೆ. ಸಿಕ್ಕಿದ್ದು ಸೋಮವಾರ ಬೆಳಗ್ಗೆ. ಆ ಮೂರು ರಾತ್ರಿ ಆ ಮನುಷ್ಯ ಹೇಗೆ ಮಲಗಿದ್ದ ಅಂತ ಈಗಲೂ ಒಂದೊಂದು ಸಲ ಯೋಚನೆ ಬರತ್ತೆ.

ಹೇಗೆ ಸರಿ ಮಾಡಿದಿರಿ ಅಂತೀರಾ? "ಯಾರು ಸುಮ್ಮನಾದರೂ ಸತ್ತ ಅಂತ ಬರೆಯಬೇಡಿ, ಯಾರೂ ಯಾರ ಕೆಲಸವನ್ನೂ ವಹಿಸಿಕೊಳ್ಳಬೇಡಿ" ಅಂತ ಇಡೀ ಜಾಲಕ್ಕೆ ಆಜ್ಞೆ ಹಾಕಿ, ಒಂದೊಂದು ಪೆಟ್ಟಿಗೆಯಲ್ಲಿ ಮೂರು ಮೂರೇ ಕಾವಲುಗಾರರನ್ನ ಎಬ್ಬಿಸಿ, ಮೆಮೊರಿ ಸಾಲದ್ದಕ್ಕೆ ಎಸ್‌ಎಸ್‌ಡಿ ಮೇಲೆ ಸ್ವಾಪ್ ಕೊಟ್ಟು, ಅವರು ಓದಿ ಮುಗಿಸೋವರೆಗೆ ಕಾದು, ಆಮೇಲೆ ಇನ್ನು ಮೂವರು. ದೊಡ್ಡಪ್ಪ ಇದ್ದಿದ್ದರೆ ಪಂಕ್ತಿಯನ್ನ ಹೀಗೇ ಬಿಡ್ತಿದ್ದರು.

*

ಇದನ್ನೆಲ್ಲ ಹುಡುಗಿಗೆ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಸೋ... ಅತೀ ದೊಡ್ಡ ಸಿಪಿಯು ತಗೋಬೇಕಾ?"

ಅಲ್ಲ ಕಣಮ್ಮಾ. ನಿನ್ನ ಹಾಳೆಯಲ್ಲಿ ಒಂದು ಕಾಲಮ್ ಇಲ್ಲ ಅಷ್ಟೇ. ಎಲ್ಲಾ ಅಂಕಿಯೂ ಮಾಮೂಲಿ ದಿನದ್ದು. ಪೆಟ್ಟಿಗೆ ಹೋದ ದಿನದ ಲೆಕ್ಕ ಹಾಕು ಅಂದೆ. ಇಬ್ಬರೂ ಕೂತು ಹಾಕಿದೆವು.

ಅವಳ ಡಿಸ್ಕು 20 ಟಿಬಿಯವು. ತಿರುಗೋ ಡಿಸ್ಕು ಒಂದು ಸೆಕೆಂಡಿಗೆ 200 ಎಂಬಿ ಬರೆದರೆ ದೊಡ್ಡದು. ಅದೊಂದನ್ನ ತುಂಬಿಸೋಕೇ 28 ಗಂಟೆ. ಪಟ್ಟಿಯಲ್ಲಿ 60 ಡಿಸ್ಕಿನ ಒಂದು ಭಾರೀ ಪೆಟ್ಟಿಗೆ ಇತ್ತು, ಡಿಸ್ಕಿನ ಲೆಕ್ಕದಲ್ಲಿ ಅದೇ ಅಗ್ಗ. ಅದು ಹ್ಯೂಸ್ಟನ್‌ನಲ್ಲಿ ಸತ್ತಿತು ಅಂತಿಟ್ಟುಕೋ. 1,200 ಟಿಬಿ ಡಾಲಸ್, ಆಸ್ಟಿನ್‌ನಿಂದ ಬರಬೇಕು. ಅವರ ಲೈನು 10 ಗಿಗಾಬಿಟ್ಟಿನದು, ಪೂರ್ತಿ ಇದಕ್ಕೇ ಕೊಟ್ಟರೂ 11 ದಿನ. ಆ 11 ದಿನವೂ ಎರಡೇ ಪ್ರತಿ. 12 ಡಿಸ್ಕಿನ ಪೆಟ್ಟಿಗೆ ಆದರೆ ಎರಡು ದಿನ ಚಿಲ್ಲರೆ. 60 ಡಿಸ್ಕಿನ ಸಾಲು ಅಲ್ಲೇ ಅಳಿಸಿ ಹೋಯಿತು.

12 ಡಿಸ್ಕಿಗೆ 12 ಕೋರು, ನೆಟ್‌ವರ್ಕು, ಲಿನಕ್ಸು ಅಂತ ಇನ್ನು ನಾಲ್ಕು, ಒಟ್ಟು 16. ಇನ್ನೂ ಹೆಚ್ಚಿಗೆ ಬೇಡ, ತಿರುಗೋ ಡಿಸ್ಕಿನ ಮುಂದೆ 64 ಕೋರು ಕೂರಿಸೋದು ದುಡ್ಡು ದಂಡ. ಹಾಗೇ ಗಿಗಾಹರ್ಟ್ಜ್ ನೋಡಿ ಮರುಳಾಗಬೇಡ ಅಂದೆ. ಮೆಮೊರಿಗೆ ಮಾತ್ರ ಕೈ ಹಿಡಿಯಬೇಡ. ಸೆಫ್‌ನ ಈಗಿನ ಮಾಮೂಲಿ ಗುರಿ ಡಿಸ್ಕಿಗೆ 4 ಜಿಬಿ, ಆದರೆ ಅದು ಗುರಿ, ಗೋಡೆಯಲ್ಲ. ಕಷ್ಟದ ದಿನ ಅದನ್ನ ದಾಟತ್ತೆ. ಎರಡರಷ್ಟು ಇಡು. 12 ಡಿಸ್ಕಿಗೆ 96, ಉಳಿದದ್ದು ಸೇರಿ 128 ಜಿಬಿ. ಪ್ರೊಸೆಸರ್ ಆರಿಸೋದು ಅಂದರೆ ಮುಕ್ಕಾಲು ಪಾಲು ಇದೇ, ಅದಕ್ಕೆ ಎಷ್ಟು ಮೆಮೊರಿ ಹಾಕಬಹುದು, ಇಸಿಸಿ ಮೆಮೊರಿ ಒಪ್ಪತ್ತಾ ಅನ್ನೋದು. ಒಂದು ಬಿಟ್ಟು ತಿರುಗಿ ಬಿದ್ದ ತುಂಡನ್ನೇ ಮೂರು ಊರಿಗೂ ನಿಷ್ಠೆಯಿಂದ ನಕಲು ಮಾಡಿ ಇಟ್ಟರೆ ಏನು ಬಂತು? ಅವಳ ಹಸಿರು ಸಾಲಿನ ಚಿಪ್ಪಿಗೆ 64 ಜಿಬಿಯೇ ಕೊನೆ.

ಮೂರು ಪ್ರತಿ ದುಬಾರಿ ಅಂತ ಮುಂದೆ ಎರೇಶರ್ ಕೋಡಿಂಗ್‌ಗೆ ಹೋಗೋ ಯೋಚನೆಯೂ ಅವಳಿಗಿದೆ. ಎಂಟು ತುಂಡಿಗೆ ಮೂರು ಕಾಪು ತುಂಡು ಸೇರಿಸಿದರೆ, ಮೂರು ಪಟ್ಟು ಜಾಗದ ಬದಲು 1.375 ಪಟ್ಟು ಸಾಕು. ಆದರೆ ಕಳೆದ ಒಂದು ತುಂಡನ್ನ ಮತ್ತೆ ಕಟ್ಟೋಕೆ ಉಳಿದವರಿಂದ ಎಂಟು ತುಂಡು ತರಿಸಬೇಕು. 20 ಟಿಬಿ ಡಿಸ್ಕು ಸತ್ತರೆ 160 ಟಿಬಿ ಓಡಾಟ! ಹಾಗಾಗಿ ಅದನ್ನ ಒಂದು ಊರಿನ ಒಳಗೇ ಮಾಡಿಕೋ, ಊರೂರಿನ ಮಧ್ಯೆ ಬೇಡ. ಗಣಿತ ಮಾತ್ರ ಈಗಿನ ಪ್ರೊಸೆಸರ್‌ಗೆ ಭಾರವಲ್ಲ, ಇಂಟೆಲ್, ಎಎಂಡಿ, ಆರ್ಮ್ ಎಲ್ಲದರಲ್ಲೂ ಹದಿನಾರು, ಮೂವತ್ತೆರಡು ಬೈಟು ಒಟ್ಟಿಗೆ ಅರೆಯೋ ಸೂಚನೆಗಳಿವೆ.

"ಡಿಸ್ಕ್ ಬಿಟ್ಟು ಎಲ್ಲಾ ಫ್ಲಾಶ್ ಮಾಡಿದ್ರೆ?" ಅಂದಳು. ಅದು ಬೇರೆಯದೇ ಆಟ. ಒಂದು ಎನ್‌ವಿಎಂಇ ಡ್ರೈವಿಗೆ ನಾಲ್ಕು ಪಿಸಿಐ ಲೇನು. 24 ಡ್ರೈವಿಗೆ 96, ಎರಡು ನೆಟ್‌ವರ್ಕ್ ಕಾರ್ಡಿಗೆ 32, ಒಟ್ಟು 128. 2017ರ ಜೂನ್ 20ರಂದು ಇಲ್ಲೇ ಆಸ್ಟಿನ್‌ನಲ್ಲಿ ಎಎಂಡಿಯವರು ಎಪಿಕ್ ಬಿಡುಗಡೆ ಮಾಡಿದಾಗ ಒಂದೇ ಸಾಕೆಟ್ಟಿನಲ್ಲಿ 128 ಲೇನು ಅಂದಿದ್ದರು. ಮುಂದಿನ ತಿಂಗಳೇ ಬಂದ ಇಂಟೆಲ್ ಝಿಯಾನ್‌ನಲ್ಲಿ 48. ಲೇನು ಸಾಲದು ಅಂತಲೇ ಬೇಡದ ಎರಡನೇ ಪ್ರೊಸೆಸರ್ ಕೊಂಡುಕೊಂಡವರು ಎಷ್ಟು ಜನವೋ. ಫ್ಲಾಶ್ ಆದರೆ ಡಿಸ್ಕಿಗೊಂದು ಕೋರು ಸಾಲಲ್ಲ, ನಾಲ್ಕಾದರೂ ಬೇಕು. ಅಲ್ಲಿ ಪ್ರೊಸೆಸರ್ ಮಾಮೂಲಿ ದಿನವೂ ಬೆವರು ಸುರಿಸತ್ತೆ. ಇವಳ ಬಜೆಟ್ಟಿಗೆ ಅದು ಇಲ್ಲ, ಬಿಡಿ.

ಇನ್ನೊಂದು ಮಾತಿಗೆ ಅವಳು ತಕರಾರು ಮಾಡಿದಳು. ಎಲ್ಲಾ ಪೆಟ್ಟಿಗೆ ಒಂದೇ ಮಾದರಿ, ಒಂದೇ ದಿನ ಕೊಂಡಿದ್ದು ಬೇಡ ಅಂದೆ. "ಮೇಂಟೇನ್ ಮಾಡೋದು ಕಷ್ಟ ಅಂಕಲ್" ಅಂದಳು. ಅದೂ ನಿಜವೇ. ಆದರೆ 2013ರಲ್ಲಿ ಬಂದ ಇಂಟೆಲ್ ಆಟಮ್ ಸಿ2000 ಸರಣಿಯ ಕಥೆ ಅವಳಿಗೆ ಗೊತ್ತಿರಲಿಲ್ಲ. ಎಂಟು ಕೋರು, 20 ವ್ಯಾಟು, ಇಸಿಸಿ ಮೆಮೊರಿ 64 ಜಿಬಿವರೆಗೆ. ಸ್ಟೋರೇಜ್ ಪೆಟ್ಟಿಗೆ ಮಾಡೋರೆಲ್ಲ ಮುಗಿಬಿದ್ದು ಹಾಕಿಕೊಂಡಿದ್ದರು. 2017ರ ಶುರುವಿಗೆ ಹೊರಬಂದ ಸುದ್ದಿ: ಒಳಗಿನ ಒಂದು ಗಡಿಯಾರದ ಸಿಗ್ನಲ್ ಕಾಲ ಕಳೆದಂತೆ ಸವೆದು ನಿಂತುಹೋಗತ್ತೆ, ನಿಂತಮೇಲೆ ಯಂತ್ರ ಮತ್ತೆ ಬೂಟ್ ಆಗಲ್ಲ. ಒಂದು ಗಡಿಯಾರದ ಭಾಗದಿಂದ 18 ತಿಂಗಳಾದ ಯಂತ್ರಗಳು ಸಾಯಬಹುದು ಅಂತ ಸಿಸ್ಕೋ ಕೂಡ ತನ್ನ ಗಿರಾಕಿಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಒಂದೇ ದಿನ ಆನ್ ಮಾಡಿದ ಮೂರು ಊರಿನ ಮೂರು ಪ್ರತಿ, ಒಂದೇ ವಯಸ್ಸಿಗೆ ಒಂದೇ ಕಾಯಿಲೆ. ನೂರು ಪ್ರತಿ ಇಟ್ಟರೂ ಲೆಕ್ಕಕ್ಕೆ ಒಂದೇ. ಕೊನೆಗೆ ಡಾಲಸ್, ಹ್ಯೂಸ್ಟನ್‌ಗೆ ಒಂದು ಜಾತಿ, ಆಸ್ಟಿನ್‌ಗೆ ಇನ್ನೊಂದು ಜಾತಿ ಅಂತ ರಾಜಿಯಾಯಿತು. ನನಗೆ ಪೂರ್ತಿ ಸಮಾಧಾನವಿಲ್ಲ, ಆದರೆ ನಾಳೆ ರಾತ್ರಿ ಎರಡು ಗಂಟೆಗೆ ಎದ್ದು ನೋಡೋಳು ಅವಳು, ನಾನಲ್ಲ.

"ಮತ್ತೆ ಕರೆಂಟ್‌ದು? ಮೂರೂ ಎರ್ಕಾಟ್ ಅಲ್ವಾ?"

ನಾನು ಹೇಳೋ ಮೊದಲೇ ಅವಳೇ ಕೇಳಿದ್ದು ಖುಷಿಯಾಯಿತು. ಎಲ್ ಪಾಸೋ ಟೆಕ್ಸಾಸ್‌ನಲ್ಲೇ ಇದ್ದರೂ ಎರ್ಕಾಟ್ ಜಾಲದಲ್ಲಿಲ್ಲ, ಪಶ್ಚಿಮದ ರಾಜ್ಯಗಳ ಜಾಲಕ್ಕೆ ಸೇರಿದ್ದು. 2011ರ ಚಳಿಯಲ್ಲಿ ಪೆಟ್ಟು ತಿಂದು ಸರಿಮಾಡಿಕೊಂಡಿದ್ದರಿಂದ 2021ರಲ್ಲಿ ಹೆಚ್ಚೇನೂ ಕತ್ತಲಾಗಲಿಲ್ಲ. ಡಾಲಸ್‌ನಿಂದ 600 ಮೈಲಿಗೂ ಹೆಚ್ಚು, ಪ್ರತಿ ಸಲ ಅಲ್ಲಿಂದ 'ಬಂತು' ಅನ್ನೋ ಉತ್ತರಕ್ಕೆ ಕಾಯೋಕಾಗಲ್ಲ. ರಾತ್ರಿ ಹೊತ್ತು ನಿಧಾನಕ್ಕೆ ನಾಲ್ಕನೇ ಪ್ರತಿ ಕಳಿಸಿದರೆ ಸಾಕು. ಅಲ್ಲಿಗೆ ಮಾತ್ರ ಅವಳ ಹಸಿರು ಸಾಲಿನ ಸಣ್ಣ ಪ್ರೊಸೆಸರೇ ಇರಲಿ ಅಂದೆ. ಅಲ್ಲಿ ಪಂಕ್ತಿ ಬೀಳಲ್ಲ, ಬರೀ ತಂದಿಡೋದು.

ಸೋಮವಾರ ಮಧ್ಯಾಹ್ನ ಆರ್ಡರ್ ಹೋಯಿತಂತೆ. ಹ್ಯೂಸ್ಟನ್ನಿನ ಪೆಟ್ಟಿಗೆಗಳನ್ನ ನೆಲಮಹಡಿಯಲ್ಲಿ ಇಡಿಸಬೇಡ ಅಂತ ಹೇಳೋದು ಮರೆತೇ ಹೋಯಿತು ನೋಡಿ. ಫೋನ್ ಮಾಡಬೇಕು.